ಆರ್ಟ್ ಆರ್‌ಪಿಜಿ ಗುಂಪುಗಳಲ್ಲಿ ಖರ್ಚಿನ ಒತ್ತಡ ಮತ್ತು ಗ್ರೈಂಡ್: ಇವೆರಡೂ ಒಂದೇ ದೂರಲ್ಲವೇ?

ಮೊದಲ ಬರಹ – ಏಳು ವರ್ಷಗಳಿಂದ ಆಡುತ್ತಿರುವ ಸದಸ್ಯೆ

ಸ್ನೇಹಿತರಿಗೆ ನಮಸ್ಕಾರ. ಹಲವು ತಿಂಗಳಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಒಂದು ಮಾತನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಆರ್ಟ್ ಆರ್‌ಪಿಜಿ ಗುಂಪುಗಳಲ್ಲಿ, ಅಂದರೆ ಚಿತ್ರ ಬಿಡಿಸುತ್ತಾ ಪಾತ್ರವೊಂದನ್ನು ಬೆಳೆಸುವ ಆಟದ ಗುಂಪುಗಳಲ್ಲಿ, ಹಣ ವಿಪರೀತ ಖರ್ಚಾಗುತ್ತದೆ ಎಂಬ ದೂರು ಹಳೆಯದು. ಗ್ರೈಂಡ್ ಹೆಚ್ಚಾಯಿತು, ಒಂದೇ ಬಗೆಯ ಚಿತ್ರವನ್ನು ಮತ್ತೆ ಮತ್ತೆ ಬಿಡಿಸಿ ಸಾಕಾಯಿತು ಎಂಬ ದೂರೂ ಹಳೆಯದೇ. ಇವೆರಡನ್ನೂ ನಾವು ಇದುವರೆಗೆ ಬೇರೆ ಬೇರೆಯಾಗಿ ಚರ್ಚಿಸಿದ್ದೇವೆ. ಒಂದಕ್ಕೆ ಜೇಬನ್ನೂ ಇನ್ನೊಂದಕ್ಕೆ ಶ್ರದ್ಧೆಯ ಕೊರತೆಯನ್ನೂ ಕಾರಣವಾಗಿ ಹೇಳಿದ್ದೇವೆ. ಆದರೆ ದುಡಿಮೆ ಎಷ್ಟು ಉದ್ದವಾಗಿರಬೇಕೆಂಬುದನ್ನು ಆಟದ ಅಂಗಡಿ ನಿರ್ಧರಿಸುತ್ತದೆ ಮತ್ತು ಅಂಗಡಿಯ ವಸ್ತು ಎಷ್ಟಕ್ಕೆ ಮಾರಾಟವಾಗಬಹುದೆಂಬುದನ್ನು ಆ ದುಡಿಮೆಯ ದಣಿವು ನಿರ್ಧರಿಸುತ್ತದೆ ಎಂದು ನನಗೀಗ ಅನ್ನಿಸುತ್ತಿದೆ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. ಈ ಆಟಗಳಲ್ಲಿ ನಮ್ಮದೊಂದು ಪಾತ್ರವಿರುತ್ತದೆ. ಬಹಳಷ್ಟು ಸಲ ಅದು ಕ್ಲೋಸ್ಡ್ ಸ್ಪೀಶೀಸ್‌ಗೆ ಸೇರಿದ್ದು, ಅಂದರೆ ಅದನ್ನು ರೂಪಿಸಿದವರ ಅನುಮತಿಯಿಲ್ಲದೆ ಆ ಜಾತಿಯ ಜೀವಿಯನ್ನು ಹೊಸದಾಗಿ ಯಾರೂ ಸೃಷ್ಟಿಸುವಂತಿಲ್ಲ. ಪಾತ್ರವನ್ನು ಅಡಾಪ್ಟ್ (ಸಿದ್ಧ ವಿನ್ಯಾಸ) ಆಗಿ ಕೊಳ್ಳಬಹುದು, ಹರಾಜಿನಲ್ಲಿ ಗೆಲ್ಲಬಹುದು, ಇಲ್ಲವೇ ಎಂವೈಒ (ಮೇಕ್ ಯುವರ್ ಓನ್) ಸ್ಲಾಟ್ ಎಂಬ ಅನುಮತಿ ಪಡೆದು ನಾವೇ ವಿನ್ಯಾಸ ಮಾಡಬಹುದು. ಆಮೇಲೆ ಆ ಪಾತ್ರದ ಚಿತ್ರ ಬಿಡಿಸಿ ಗುಂಪಿಗೆ ಸಲ್ಲಿಸಿದರೆ ಅಂಕಗಳು ಸಿಗುತ್ತವೆ, ಅಂಕಗಳಿಂದ ಆಟದ ನಾಣ್ಯ, ನಾಣ್ಯದಿಂದ ವಸ್ತುಗಳು, ವಸ್ತುಗಳಿಂದ ಅಪರೂಪದ ಟ್ರೇಟ್‌ಗಳು, ಅಂದರೆ ಕೊಂಬು, ಬಾಲದಂಥ ದೇಹಲಕ್ಷಣಗಳು. ಚಿತ್ರ ಬಿಡಿಸುವುದೇ ಇಲ್ಲಿ ಆಟದ ನಡೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದೂ ಅದೇ.

ಕಳೆದ ತಿಂಗಳು ನಾನಿರುವ ಒಂದು ಗುಂಪಿನಲ್ಲಿ ಹನ್ನೆರಡು ದಿನಗಳ ಈವೆಂಟ್ ನಡೆಯಿತು. ಆ ಗುಂಪಿನ ಲೆಕ್ಕದಲ್ಲಿ ಪೂರ್ಣ ದೇಹಕ್ಕೆ 3 ಅಂಕ, ಬಣ್ಣಕ್ಕೆ 1, ನೆರಳಿಗೆ 1, ಹಿನ್ನೆಲೆಗೆ 2, ಒಟ್ಟು 7. ಕೊನೆಯ ಬಹುಮಾನಕ್ಕೆ 60 ಅಂಕ ಬೇಕಿತ್ತು. ಹನ್ನೊಂದನೆಯ ದಿನದ ರಾತ್ರಿಯ ಹೊತ್ತಿಗೆ ಎಂಟು ಚಿತ್ರಗಳಿಂದ 56 ಅಂಕ ಆಗಿತ್ತು, ಇನ್ನು ನಾಲ್ಕು ಬೇಕಿತ್ತು. ಒಂಬತ್ತನೆಯ ಚಿತ್ರದಲ್ಲಿ ನನ್ನ ಪಾತ್ರ ನೋಡುಗರಿಗೆ ಬೆನ್ನು ಹಾಕಿ ನಿಂತಿದೆ. ಅದರ ಹಿಂದೆ ಯಾವ ಕಥೆಯೂ ಇಲ್ಲ. ಮುಖ ಬಿಡಿಸಲು ಒಂದು ಗಂಟೆ ಹಿಡಿಯುತ್ತದೆ, ಬೆನ್ನಿಗೆ ಹತ್ತು ನಿಮಿಷ ಸಾಕು. ನೆರಳೂ ಹಿನ್ನೆಲೆಯೂ ಬೇಡವಾದ್ದರಿಂದ ಆ ಲೇಯರ್‌ಗಳನ್ನು ತೆರೆಯಲೇ ಇಲ್ಲ. 60 ಆಯಿತು. ಫೈಲ್ ಮುಚ್ಚಿದ ಮೇಲೆ ಏಳು ವರ್ಷಗಳಿಂದ ನಾನು ಪ್ರೀತಿಸಿದ ಪಾತ್ರದ ಮುಖವನ್ನು ನೋಡಲೂ ಆ ದಿನ ನನಗೆ ಪುರುಸೊತ್ತಿರಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು.

ಇದೇ ಈವೆಂಟ್‌ನ ಕೊನೆಯ ಮೂರು ದಿನ ಅಂಗಡಿಯಲ್ಲಿ ಒಂದು ಟಿಕೆಟ್ ಕಾಣಿಸಿಕೊಂಡಿತ್ತು: ಚಿತ್ರಕಾರರ ತಾಣವಾದ ಡೀವಿಯಂಟ್‌ಆರ್ಟ್‌ನಲ್ಲಿ ಹಣ ಕೊಟ್ಟು ಕೊಳ್ಳುವ 400 ಪಾಯಿಂಟ್ ಕೊಟ್ಟರೆ ಈವೆಂಟ್‌ನ 10 ಅಂಕ. ಅಲ್ಲಿ 80 ಪಾಯಿಂಟ್ ಎಂದರೆ ಒಂದು ಅಮೆರಿಕನ್ ಡಾಲರ್, ಹಾಗಾಗಿ ಆ ಟಿಕೆಟ್ ಐದು ಡಾಲರಿನದು. ಅದು ಮೊದಲ ದಿನ ಬರಲಿಲ್ಲ, ನಾವು ದಣಿದ ಮೇಲೆ ಬಂದಿತು. ಈ ಸಲ ನಾನು ಕೊಳ್ಳಲಿಲ್ಲ, ಹಿಂದಿನ ಈವೆಂಟ್‌ಗಳಲ್ಲಿ ಕೊಂಡಿದ್ದೇನೆ. ಕಳೆದ ವಾರ ಕುಳಿತು ಒಂದು ವರ್ಷದ ಲೆಕ್ಕ ತೆಗೆದೆ. ಟಿಕೆಟ್‌ಗಳಿಗೂ ಒಳಗೇನಿದೆ ಎಂದು ತೆರೆದ ಮೇಲಷ್ಟೇ ತಿಳಿಯುವ ಪೆಟ್ಟಿಗೆಗಳಿಗೂ ಮಾತ್ರ 11,600 ಪಾಯಿಂಟ್ ಕೊಟ್ಟಿದ್ದೆ. ಪಾಯಿಂಟ್ ಎಂದು ನೋಡಿದಾಗ ಅದೊಂದು ಅಂಕಿಯಷ್ಟೇ ಆಗಿತ್ತು. 145 ಡಾಲರ್ ಎಂದು ಬರೆದುಕೊಂಡಾಗ ನಿದ್ದೆ ಹತ್ತಲಿಲ್ಲ. ಒಮ್ಮೆಯೂ ಹತ್ತು ಡಾಲರ್ ದಾಟಿ ಕೊಟ್ಟವಳಲ್ಲ ನಾನು.

ನಿಮ್ಮ ಅನುಭವವೇನು? ಗುಂಪು ನಡೆಸುವವರ ಮಾತೂ ಬೇಕು.

ಉತ್ತರ 1 – ಖರ್ಚು ಮಾಡದೆ ಆಡುವ ಸದಸ್ಯ

ತಮ್ಮ ಬರಹವನ್ನು ಗೌರವದಿಂದಲೇ ಓದಿದೆ, ಆದರೂ ಪೂರ್ತಿ ಒಪ್ಪಲು ಆಗುತ್ತಿಲ್ಲ. ನಾನು ನಾಲ್ಕು ವರ್ಷಗಳಲ್ಲಿ ಒಂದು ಪಾಯಿಂಟ್ ಕೂಡ ಕೊಟ್ಟಿಲ್ಲ. ನನ್ನ ಮೊದಲ ಪಾತ್ರ ರಾಫಲ್‌ನಲ್ಲಿ (ಚೀಟಿ ಎತ್ತುವಿಕೆಯಲ್ಲಿ) ಬಂದದ್ದು, ಎರಡನೆಯದನ್ನು ಚಿತ್ರಗಳ ವಿನಿಮಯದಲ್ಲಿ ಪಡೆದೆ. ಈವೆಂಟ್‌ನ ಕೊನೆಯ ಬಹುಮಾನ ಸಿಗದಿದ್ದರೆ ಪಾತ್ರವೇನೂ ಕೈಬಿಟ್ಟು ಹೋಗುವುದಿಲ್ಲ. 60 ಅಂಕ ತಲುಪಲೇಬೇಕೆಂದು ಯಾರೂ ತಮ್ಮನ್ನು ಬಲವಂತಪಡಿಸಿರಲಿಲ್ಲ. ಆಟ ಆಸೆಯನ್ನು ತೋರಿಸುತ್ತದೆ ನಿಜ, ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ತಾನೇ ತೀರ್ಮಾನಿಸಬೇಕು? ಅಂಗಡಿಯನ್ನೇ ದೂರಿದರೆ, ಹಣ ಕೊಟ್ಟು ಸಂತೋಷಪಡುವವರ ಸಂತೋಷವನ್ನೂ ತಪ್ಪೆಂದು ಹೇಳಿದಂತೆ ಆಗುತ್ತದೆ.

ಉತ್ತರ 2 – ಬ್ರೀಡಿಂಗ್ ಇರುವ ಗುಂಪುಗಳ ಸದಸ್ಯೆ

ಮೇಲಿನವರ ಮಾತಿನಲ್ಲಿ ತಥ್ಯವಿದೆ. ಆದರೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಬೇಕಾದರೆ ಮುಂದೆ ಎಷ್ಟು ದೂರವಿದೆ ಎಂಬುದು ಗೊತ್ತಿರಬೇಕು. ನಮ್ಮ ಆಟಗಳು ಮರೆಮಾಡುವುದು ಅದನ್ನೇ.

ಬ್ರೀಡಿಂಗ್ ಇರುವ ಗುಂಪನ್ನೇ ತೆಗೆದುಕೊಳ್ಳೋಣ. ಎರಡು ಪಾತ್ರಗಳನ್ನು ಜೋಡಿಸುವ ಮೊದಲು ಇಬ್ಬರೂ ಇರುವ ಒಂದು ಪೂರ್ಣ ಚಿತ್ರವನ್ನು ಸಲ್ಲಿಸಬೇಕು. ಆಮೇಲೆ ಅಡ್ಮಿನ್ ರೋಲ್ ಮಾಡುತ್ತಾರೆ, ಅಂದರೆ ದಾಳ ಉರುಳಿಸಿದಂತೆ ಅದೃಷ್ಟಕ್ಕೆ ಬಿಡುತ್ತಾರೆ, ಮರಿಯ ಟ್ರೇಟ್‌ಗಳು ಆ ರೋಲ್‌ನಲ್ಲಿ ನಿರ್ಧಾರವಾಗುತ್ತವೆ. ನನಗೆ ಬೇಕಿದ್ದ ಟ್ರೇಟ್ ಬರುವ ಸಾಧ್ಯತೆ ಪ್ರತಿ ರೋಲ್‌ಗೆ 5 ಶೇಕಡಾ ಎಂದಿತ್ತು. ಇಪ್ಪತ್ತು ಸಲ ಪ್ರಯತ್ನಿಸಿದರೆ ಒಮ್ಮೆಯಾದರೂ ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ, ಬಹಳ ಜನ ಹಾಗೆಯೇ ನಂಬುತ್ತಾರೆ. ಲೆಕ್ಕ ಹಾಗಿಲ್ಲ. ಇಪ್ಪತ್ತು ಪ್ರಯತ್ನಗಳ ನಂತರವೂ ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು 36 ಶೇಕಡಾ. ನಲವತ್ತೈದು ಪ್ರಯತ್ನಗಳ ನಂತರವೂ ಹತ್ತರಲ್ಲಿ ಒಬ್ಬರು ಬರಿಗೈಯಲ್ಲಿ ಇರುತ್ತಾರೆ. ಒಂದು ಚಿತ್ರಕ್ಕೆ ಆರು ಗಂಟೆ ಎಂದುಕೊಂಡರೆ ಇಪ್ಪತ್ತು ರೋಲ್ ಎಂದರೆ 120 ಗಂಟೆ. ಅಷ್ಟು ದುಡಿದ ಮೇಲೆ ಅಂಗಡಿಯಲ್ಲಿ ಆ ಟ್ರೇಟ್ ಖಚಿತವಾಗಿ ಕೊಡುವ ವಸ್ತುವೊಂದು ಇಪ್ಪತ್ತು ಡಾಲರಿಗೆ ಕಂಡರೆ, ನಮ್ಮ ಕಣ್ಣಿಗೆ ಅದು ದುಬಾರಿಯಾಗಿ ಕಾಣುವುದೇ ಇಲ್ಲ, ದೊಡ್ಡ ಉಪಕಾರದಂತೆ ಕಾಣುತ್ತದೆ. ಮೊದಲ ಬರಹದವರು ಇವೆರಡೂ ಒಂದೇ ದೂರು ಎಂದದ್ದು ಇದೇ ಅರ್ಥದಲ್ಲಿ ಎಂದುಕೊಳ್ಳುತ್ತೇನೆ.

ಯಾವಾಗ ಬರುತ್ತದೆಂದು ತಿಳಿಯದ ಬಹುಮಾನ, ಲೆಕ್ಕ ತಪ್ಪದೆ ಬರುವ ಬಹುಮಾನಕ್ಕಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಕಳೆದ ಶತಮಾನದ ನಡುವಿನಲ್ಲೇ ತೋರಿಸಿದ್ದರು. ದೊಡ್ಡ ವಿಡಿಯೊ ಆಟಗಳಲ್ಲಿನ ಇಂಥದೇ ಅದೃಷ್ಟದ ಪೆಟ್ಟಿಗೆಗಳಾದ ಲೂಟ್ ಬಾಕ್ಸ್‌ಗಳ ಬಗ್ಗೆ ಈ ಕಾರಣಕ್ಕೇ ಸರ್ಕಾರಗಳು ಎಚ್ಚೆತ್ತವು. ಚೀನಾ 2017ರಿಂದ ಸಾಧ್ಯತೆಯ ಅಂಕಿಗಳನ್ನು ಪ್ರಕಟಿಸಬೇಕೆಂದು ನಿಯಮ ಮಾಡಿತು. ಆ್ಯಪಲ್ ಕಂಪನಿ ಅದೇ ವರ್ಷದ ಕೊನೆಯಲ್ಲಿ ತನ್ನ ಆ್ಯಪ್ ಸ್ಟೋರ್‌ಗೆ ಅಂಥದೇ ನಿಯಮ ತಂದಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಕೆಲವು ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಹತ್ತಾರು ಜನ ಸೇರಿ ನಡೆಸುವ ನಮ್ಮ ಗುಂಪುಗಳತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಸಾಧ್ಯತೆಯ ಅಂಕಿಗಳನ್ನು ಬರೆದು ಹಾಕುವುದು ಬಿಡುವುದು ಅಡ್ಮಿನ್‌ಗಳ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿದೆ.

ಉತ್ತರ 3 – ಮಣಿಕಟ್ಟಿನ ನೋವಿನಿಂದ ಆಟ ನಿಲ್ಲಿಸಿದವರು

ನನ್ನದು ಚಿಕ್ಕ ಮಾತು. ಎರಡು ಈವೆಂಟ್‌ಗಳ ನಡುವೆ ಬಿಡುವಿಲ್ಲದೆ ಬಿಡಿಸಿ ಬಲಗೈಯ ಮಣಿಕಟ್ಟು ಊದಿಕೊಂಡಿತು, ನೀರಿನ ಲೋಟ ಎತ್ತಿದರೂ ನೋಯುತ್ತಿತ್ತು. ವೈದ್ಯರು ನಾಲ್ಕು ತಿಂಗಳು ಪೆನ್ ಮುಟ್ಟಬೇಡಿ ಎಂದರು. ಆ ಗುಂಪಿನಲ್ಲಿ ಮೂರು ತಿಂಗಳಿಗೊಮ್ಮೆ ಚಟುವಟಿಕೆಯ ಪರಿಶೀಲನೆ ಇತ್ತು, ಬಳಸದ ಎಂವೈಒ ಸ್ಲಾಟ್‌ಗೆ ಅವಧಿಯೂ ಇತ್ತು. ಗುಂಪಿಗೆ ವಿಷಯ ತಿಳಿಸಿ ಪತ್ರ ಬರೆದೆ. ಅವಧಿ ವಿಸ್ತರಿಸುವ ಟಿಕೆಟ್ ಅಂಗಡಿಯಲ್ಲಿದೆ ಎಂಬ ಉತ್ತರ ಬಂತು. ಬರೆದವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ನಿಯಮದಲ್ಲಿ ಇದ್ದದ್ದನ್ನೇ ಹೇಳಿದರು. ಆದರೆ ಕೈ ನೋವಿಗೂ ಅಂಗಡಿಯಲ್ಲೇ ಪರಿಹಾರವಿದೆ ಎಂದು ಓದಿದ ದಿನ ನಾನು ಆ ಗುಂಪನ್ನು ಬಿಟ್ಟೆ.

ಉತ್ತರ 4 – ಒಂದು ಸಣ್ಣ ಗುಂಪಿನ ಅಡ್ಮಿನ್

ಗುಂಪು ನಡೆಸುವವರ ಮಾತು ಬೇಕೆಂದು ಕೇಳಿದ್ದೀರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕೆಲಸದ ವಿಷಯ. ಸದಸ್ಯರು ಸಲ್ಲಿಸಿದ ಪ್ರತಿಯೊಂದು ಚಿತ್ರವನ್ನೂ ಯಾರಾದರೂ ನೋಡಿ, ಅಂಕ ಎಣಿಸಿ, ಪಾತ್ರದ ದಾಖಲೆಗೆ ಸೇರಿಸಬೇಕು. ಡೀವಿಯಂಟ್‌ಆರ್ಟ್‌ನ ಗುಂಪು ಪುಟಗಳಲ್ಲಿ ಇದನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದೆವು. 2020ರಲ್ಲಿ ಆ ತಾಣ ಹಳೆಯ ವಿನ್ಯಾಸವನ್ನು ತೆಗೆದು ಎಕ್ಲಿಪ್ಸ್ ವಿನ್ಯಾಸವನ್ನು ಎಲ್ಲರಿಗೂ ಕಡ್ಡಾಯ ಮಾಡಿದ ಮೇಲೆ ನಮಗೆ ಅಲ್ಲಿ ಕೆಲಸ ಕಷ್ಟವಾಯಿತು. ನಮ್ಮಂಥ ಹಲವು ಗುಂಪುಗಳು ಲೋರ್‌ಕೀಪರ್ ಬಳಸಿ ಸ್ವಂತ ತಾಣ ಕಟ್ಟಿಕೊಂಡವು. ಲೋರ್‌ಕೀಪರ್ ಉಚಿತವಾಗಿ ಸಿಗುವ ತೆರೆದ ತಂತ್ರಾಂಶ, ಆದರೆ ಸರ್ವರ್ ಉಚಿತವಲ್ಲ, ಅದನ್ನು ನೋಡಿಕೊಳ್ಳುವವರ ಸಮಯವೂ ಉಚಿತವಲ್ಲ. ನಮ್ಮ ಐವರು ಮಾಡರೇಟರ್‌ಗಳಿಗೆ ಸಂಬಳವಿಲ್ಲ, ಆಟದ ವಸ್ತುಗಳನ್ನೇ ಕೊಡುತ್ತೇವೆ. ಬರುವ ಹಣವೆಲ್ಲ ವಿನ್ಯಾಸಗಳ ಹರಾಜಿನಿಂದಲೂ ಅಂಗಡಿಯಿಂದಲೂ ಬರುತ್ತದೆ. ಅದೂ ಕೈ ಸೇರಿದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಪೇಪಾಲ್‌ನಲ್ಲಿ ಕೊಂಡವರು 180 ದಿನಗಳವರೆಗೆ ತಕರಾರು ಹೂಡಬಹುದು. ಹದಿಮೂರು ವರ್ಷ ತುಂಬಿದವರು ಡೀವಿಯಂಟ್‌ಆರ್ಟ್ ಸೇರಬಹುದಾದ್ದರಿಂದ ನಮ್ಮಲ್ಲಿ ಮಕ್ಕಳೂ ಇದ್ದಾರೆ. ಹೆತ್ತವರ ಕಾರ್ಡ್ ಬಳಸಿ ಕೊಂಡ ವಿನ್ಯಾಸದ ಹಣವನ್ನು ಮೂರು ತಿಂಗಳ ನಂತರ ಹಿಂತಿರುಗಿಸಬೇಕಾಗಿ ಬಂದದ್ದೂ ಇದೆ. ಹಿಂತಿರುಗಿಸಿದ್ದು ಸರಿಯೇ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಎರಡನೆಯದು ನಾಣ್ಯದ ವಿಷಯ. ಪ್ರತಿ ಚಿತ್ರಕ್ಕೂ ಆಟದ ನಾಣ್ಯ ಹುಟ್ಟುತ್ತದೆ. ಹುಟ್ಟಿದ ನಾಣ್ಯ ಎಲ್ಲಾದರೂ ಕರಗದಿದ್ದರೆ ಹಳೆಯ ಸದಸ್ಯರ ಬಳಿ ರಾಶಿ ಬೀಳುತ್ತದೆ. ಅವರು ಒಂದು ಅಪರೂಪದ ವಸ್ತುವಿಗೆ ಐವತ್ತು ಸಾವಿರ ಕೊಡಲು ಸಿದ್ಧರಾದಾಗ, ನಿನ್ನೆ ಬಂದವರಿಗೆ ಆ ವಸ್ತು ಕನಸಿನ ಮಾತಾಗುತ್ತದೆ. ಅದಕ್ಕೇ ನಾವು ನಾಣ್ಯ ಕರಗಿಸುವ ಹೊಸ ಹೊಸ ದಾರಿಗಳನ್ನು ಹುಡುಕುತ್ತೇವೆ: ಹೊಸ ಟ್ರೇಟ್, ಹೊಸ ಶ್ರೇಣಿ, ಇನ್ನೂ ಉದ್ದದ ಕ್ವೆಸ್ಟ್. ಹಳಬರಿಗೆ ಕಷ್ಟವಾಗಲೆಂದು ಏರಿಸಿದ ಅಂಕಗಳ ಮಟ್ಟ ಹೊಸಬರನ್ನೇ ಹೆಚ್ಚು ದಣಿಸಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಕೊನೆಯ ಮೂರು ದಿನ ಟಿಕೆಟ್ ಇಡುವ ಪದ್ಧತಿ ನಮ್ಮಲ್ಲೂ ಇದೆ. ಆರಂಭದಲ್ಲಿ ಅದನ್ನು ಇಟ್ಟದ್ದು ಕಾಯಿಲೆ ಬಿದ್ದವರಿಗೂ ಪರೀಕ್ಷೆ ಇರುವವರಿಗೂ ಅನುಕೂಲವಾಗಲಿ ಎಂದು. ಆ ಮೂರು ದಿನಗಳ ಮಾರಾಟ ಇಡೀ ತಿಂಗಳ ಸರ್ವರ್ ಖರ್ಚನ್ನು ತುಂಬಿಸಿತು. ಮುಂದಿನ ಈವೆಂಟ್‌ಗೆ ಎಷ್ಟು ಅಂಕ ಇಡಬೇಕೆಂದು ಚರ್ಚಿಸುವಾಗ, ಎಲ್ಲರೂ ಸುಲಭವಾಗಿ ಮುಗಿಸಿಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ಮಾತು ನಮ್ಮ ಡಿಸ್ಕಾರ್ಡ್ ಕೊಠಡಿಯಲ್ಲಿ ಬಂತು. ಅಂಕಗಳನ್ನು 45ರಿಂದ 60ಕ್ಕೆ ಏರಿಸಿದೆವು. ಮೊದಲ ಬರಹ ಓದುತ್ತಿದ್ದಂತೆ ನನಗೆ ನೆನಪಾದದ್ದು ಆ ರಾತ್ರಿಯ ಮಾತುಕತೆ.

ಉತ್ತರ 5 – ಮಕ್ಕಳಿಗೆ ಚಿತ್ರಕಲೆ ಕಲಿಸುವವರು

ಅಡ್ಮಿನ್ ಅವರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ಧನ್ಯವಾದ.

ಬೆನ್ನು ಹಾಕಿ ನಿಂತ ಪಾತ್ರದ ವಿಷಯಕ್ಕೆ ಮರಳುತ್ತೇನೆ. ಹಣದ ನಷ್ಟವನ್ನು ಹೇಗೋ ತುಂಬಿಕೊಳ್ಳಬಹುದು, ಬಿಡಿಸುವ ಆಸೆ ಬತ್ತಿದರೆ ಅದನ್ನು ಎಲ್ಲಿಂದ ತರುವುದು? 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸಲು ತಾವಾಗಿಯೇ ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ಗಮನಿಸಿದಾಗ, ಮೊದಲೇ ಪ್ರಶಸ್ತಿಯ ಮಾತು ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ನಿರೀಕ್ಷೆಯಿಲ್ಲದೆ ಪತ್ರ ಪಡೆದ ಮಕ್ಕಳ ಆಸಕ್ತಿ ಕುಂದಿರಲಿಲ್ಲ.

ಆದ್ದರಿಂದ ಬಹುಮಾನವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಇಂತಿಷ್ಟು ಬಿಡಿಸಿದರೆ ಇಂತಿಷ್ಟು ಎಂಬ ಕರಾರು ಮುಂದೆ ಬಂದು ನಿಂತಾಗ ಕೈ ಬೇರೆ ರೀತಿ ಕೆಲಸ ಮಾಡುತ್ತದೆ. ನನ್ನ ಬಳಿ ಕಲಿಯುವ ಒಬ್ಬ ಹುಡುಗಿ ಇಂಥದೇ ಗುಂಪೊಂದರಲ್ಲಿದ್ದಾಳೆ. ಒಂದು ವರ್ಷದ ಅವಳ ಚಿತ್ರಗಳನ್ನು ಸಾಲಾಗಿ ತೋರಿಸಿದಳು. ಮೊದಲ ತಿಂಗಳುಗಳಲ್ಲಿ ಪಾತ್ರ ಮರ ಹತ್ತುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಬಿದ್ದು ಅಳುತ್ತದೆ. ವರ್ಷದ ಕೊನೆಯ ಹೊತ್ತಿಗೆ ಹದಿನಾಲ್ಕು ಚಿತ್ರಗಳಲ್ಲಿ ಅದು ಒಂದೇ ಭಂಗಿಯಲ್ಲಿ, ಎಡಕ್ಕೆ ಮುಖ ಮಾಡಿ, ಒಂದು ಕಾಲು ಎತ್ತಿ ನಿಂತಿದೆ. ಹಿಂದಿನ ಗುಡ್ಡದ ಬಣ್ಣ ಮಾತ್ರ ಬದಲಾಗಿದೆ. ಗುಡ್ಡ ಇದ್ದರೆ ಹಿನ್ನೆಲೆಯ ಅಂಕ ಸಿಗುತ್ತದೆ ಎಂದಳು. ಅವಳಿಗೆ ಬಿಡಿಸಲು ಬರುವುದಿಲ್ಲವೆಂದೇನೂ ಅಲ್ಲ. ಅಂಕಪಟ್ಟಿ ಏನನ್ನು ಎಣಿಸುತ್ತದೋ ಅದನ್ನು ಚೆನ್ನಾಗಿ ಕಲಿತಿದ್ದಳು.

ಉತ್ತರ 6 – ಪಾತ್ರಗಳನ್ನು ಮಾರಿ ಹೊರಬಂದವರು

ಖರ್ಚಿನ ಇನ್ನೊಂದು ಮುಖವನ್ನು ಯಾರೂ ಮುಟ್ಟಲಿಲ್ಲ. ಬೇಡವೆನಿಸಿದಾಗ ಪಾತ್ರವನ್ನು ಮಾರಿದರಾಯಿತು, ಹಣ ಎಲ್ಲಿಗೂ ಹೋಗುವುದಿಲ್ಲ ಎಂದು ನಾನೂ ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಮರುಮಾರಾಟಕ್ಕೆ ನಿಯಮಗಳಿವೆ: ಉಡುಗೊರೆಯಾಗಿ ಬಂದದ್ದನ್ನು ಬಹುತೇಕ ಗುಂಪುಗಳಲ್ಲಿ ಮಾರುವಂತಿಲ್ಲ, ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ, ಹೆಚ್ಚಿಗೆ ಬೇಕಿದ್ದರೆ ಹೊಸ ಚಿತ್ರಗಳನ್ನು ಸೇರಿಸಬೇಕು. ನಿಯಮ ಮೀರಿದರೆ ಬ್ಲ್ಯಾಕ್‌ಲಿಸ್ಟ್. ನಿಯಮಗಳು ಲಾಭಕೋರರನ್ನು ತಡೆಯಲು ಬಂದವು, ಅದು ನ್ಯಾಯವೇ. ಆದರೆ ಬೆಲೆ ಹೆಚ್ಚಲೆಂದು ಚಿತ್ರ ಸೇರಿಸುತ್ತಾ ಹೋದವನಿಗೆ ಬಿಟ್ಟು ಹೊರಡುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ಹಾಕಿದ್ದು ವ್ಯರ್ಥವಾಗಬಾರದೆಂದು ಇನ್ನಷ್ಟು ಹಾಕುತ್ತೇವೆ.

ಆ ಬೆಲೆಯಾದರೂ ಯಾವುದರ ಮೇಲೆ ನಿಂತಿದೆ? ಅಮೆರಿಕದ ಕೃತಿಸ್ವಾಮ್ಯ ಕಾನೂನು ಒಂದು ನಿರ್ದಿಷ್ಟ ಚಿತ್ರವನ್ನು ರಕ್ಷಿಸುತ್ತದೆಯೇ ಹೊರತು, ಆ ಚಿತ್ರದ ಹಿಂದಿನ ಕಲ್ಪನೆಯನ್ನು ರಕ್ಷಿಸುವುದಿಲ್ಲ. ಎರಡು ಬಾಲ ಮತ್ತು ಹೊಳೆಯುವ ಕೊಂಬು ಇರುವ ಜೀವಿ ಎಂಬ ಕಲ್ಪನೆಗೆ ಯಾರೂ ಒಡೆಯರಲ್ಲ. ನಾವೆಲ್ಲ ಸೇರಿ ಗೌರವಿಸುವುದರಿಂದ ಮಾತ್ರ ಅದು ಕ್ಲೋಸ್ಡ್ ಆಗಿ ಉಳಿದಿದೆ. ನಾನಿದ್ದ ಗುಂಪಿನ ಒಡೆಯರು ಒಂದು ದಿನ ಆಯಾಸಗೊಂಡು ಗುಂಪು ಮುಚ್ಚಿದರು. ಹರಾಜಿನಲ್ಲಿ ನೂರಾರು ಡಾಲರಿಗೆ ಹೋಗುತ್ತಿದ್ದ ವಿನ್ಯಾಸಗಳನ್ನು ಮರುವಾರ ಕೇಳುವವರಿರಲಿಲ್ಲ. ನನ್ನವು ಪಾತ್ರಗಳನ್ನು ಸಂಗ್ರಹಿಸಿಡುವ ಟಾಯ್‌ಹೌಸ್ ತಾಣದಲ್ಲಿ ಹಾಗೆಯೇ ಇವೆ. ಅವುಗಳಲ್ಲಿ ಒಂದನ್ನು ಮಾತ್ರ ಈಗಲೂ ಬಿಡಿಸುತ್ತೇನೆ, ಅದು ಅತಿ ಅಗ್ಗವಾಗಿ ಬಂದ, ಯಾವ ಅಪರೂಪದ ಟ್ರೇಟೂ ಇಲ್ಲದ ಪಾತ್ರ.

ಉತ್ತರ 7 – ಖರ್ಚು ಮಾಡದೆ ಆಡುವ ಸದಸ್ಯ, ಮತ್ತೊಮ್ಮೆ

ಎಲ್ಲವನ್ನೂ ಓದಿದೆ. ಯಾರೂ ಬಲವಂತಪಡಿಸಲಿಲ್ಲ ಎಂದು ಬರೆದಿದ್ದೆ. ಅಂಕಗಳನ್ನು 45ರಿಂದ 60ಕ್ಕೆ ಏಕೆ ಏರಿಸಲಾಯಿತೆಂದು ಅಡ್ಮಿನ್ ಅವರು ಹೇಳಿದ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರೆ. ಟಿಕೆಟ್ ಕೊಳ್ಳದ ನಾನೂ ಟಿಕೆಟ್ ಮಾರಲೆಂದು ಏರಿಸಿದ ಮಟ್ಟಕ್ಕೇ ದುಡಿದಿದ್ದೇನೆ. ಹದಿನೈದು ಅಂಕ ಎಂದರೆ ಎರಡು ಪೂರ್ಣ ಚಿತ್ರಗಳು, ಮತ್ತೊಂದರ ಚೂರು. ನಾನು ಹಣ ಕೊಡದೆ ಆಡಿದೆ ಎಂದುಕೊಂಡಿದ್ದೆ, ಆದರೆ ನನ್ನ ಪಾಲನ್ನು ಗಂಟೆಗಳಲ್ಲಿ ಕೊಟ್ಟಿದ್ದೇನೆ.

ಆದರೂ ಒಂದು ಮಾತಿಗೆ ಅಂಟಿಕೊಳ್ಳುತ್ತೇನೆ. ಅಂಗಡಿಯನ್ನು ಪೂರ್ತಿ ಮುಚ್ಚಿದರೆ ಗುಂಪುಗಳೇ ಉಳಿಯುವುದಿಲ್ಲ. ಅಡ್ಮಿನ್‌ಗಳ ದುಡಿಮೆಗೆ ನೇರವಾಗಿ ಹಣ ಕೊಡುವ ದಾರಿ ಬೇಕು.

ಮೊದಲ ಬರಹದ ಸದಸ್ಯೆ

ಎಲ್ಲರಿಗೂ ಕೃತಜ್ಞತೆಗಳು, ಅಡ್ಮಿನ್ ಅವರಿಗೆ ವಿಶೇಷವಾಗಿ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ.

ಆಟದ ಅಂಕಗಳನ್ನು ಹಣಕ್ಕೆ ಮಾರುವುದನ್ನು ನಿಲ್ಲಿಸಬೇಕು ಎಂಬುದೇ ನನ್ನ ಮುಖ್ಯ ಕೋರಿಕೆ. ವಿನ್ಯಾಸಗಳನ್ನು ಮಾರಲಿ, ತಿಂಗಳ ದೇಣಿಗೆ ಕೇಳಲಿ, ಸರ್ವರ್‌ಗೆ ಇಷ್ಟು ಬೇಕು, ಇಷ್ಟು ಬಂದಿದೆ ಎಂದು ಬಹಿರಂಗವಾಗಿ ಬರೆದು ಹಾಕಲಿ. ನಾನು ಸಂತೋಷದಿಂದ ಕೊಡುತ್ತೇನೆ. ದಣಿವನ್ನು ಕಡಿಮೆ ಮಾಡುವ ವಸ್ತುವನ್ನು ಮಾತ್ರ ಮಾರಬಾರದು, ಏಕೆಂದರೆ ಅದನ್ನು ಮಾರುವವರಿಗೆ ದಣಿವನ್ನು ಉಳಿಸಿಕೊಳ್ಳಬೇಕಾದ ಅನಿವಾರ್ಯ ಬರುತ್ತದೆ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅದರ ಜೊತೆಗೆ, ಬೆಲೆ ಇರುವೆಡೆಯೆಲ್ಲ ಪಾಯಿಂಟ್ ಪಕ್ಕದಲ್ಲಿ ಡಾಲರ್ ಕೂಡ ಬರೆಯಲಿ, ರೋಲ್‌ಗಳ ಸಾಧ್ಯತೆಯನ್ನು ಪ್ರಕಟಿಸಲಿ, ಇಂತಿಷ್ಟು ಸಲ ಸೋತ ಮೇಲೆ ಟ್ರೇಟ್ ಖಚಿತವಾಗಿ ಸಿಗುವಂತೆ ಮಾಡಲಿ. ಈವೆಂಟ್ ಮುಗಿದರೂ ಅರ್ಧ ಮಾಡಿದವರು ತಮ್ಮ ವೇಗದಲ್ಲಿ ಮುಗಿಸಲು ಅವಕಾಶವಿರಲಿ. ಕೈ ನೋಯುವವರಿಗೆ ಟಿಕೆಟ್ ಕೇಳಬಾರದು, ಒಂದು ಸಾಲಿನ ಪತ್ರ ಸಾಕಾಗಬೇಕು.

ಸಣ್ಣ ಗುಂಪಿನ ಅಡ್ಮಿನ್

ನಿನ್ನೆ ರಾತ್ರಿ ಮಾಡರೇಟರ್‌ಗಳ ಜೊತೆ ಮಾತನಾಡಿದೆ. ಮುಂದಿನ ಈವೆಂಟ್‌ನ ಕೊನೆಯ ಬಹುಮಾನ 45 ಅಂಕಕ್ಕೆ ಇಳಿಯುತ್ತದೆ, ಟಿಕೆಟ್ ಇರುವುದಿಲ್ಲ. ಅವಧಿ ಮುಗಿದ ಎಂವೈಒ ಸ್ಲಾಟ್‌ಗಳನ್ನು ಹಿಂದೆ ಪಡೆದಿದ್ದವರಿಗೇ ಮರಳಿ ಕೊಡುತ್ತೇವೆ. ಸರ್ವರ್ ಖರ್ಚಿನ ಲೆಕ್ಕವನ್ನು ಈ ತಿಂಗಳಿಂದಲೇ ತಾಣದ ಮುಖಪುಟದಲ್ಲಿ ಹಾಕುತ್ತೇವೆ. ದೇಣಿಗೆ ಸಾಲದಿದ್ದರೆ ಈವೆಂಟ್‌ಗಳ ಸಂಖ್ಯೆ ಕಡಿಮೆ ಮಾಡುತ್ತೇವೆ, ಅಂಕ ಏರಿಸುವುದಿಲ್ಲ. ಟ್ರೇಟ್ ಖಚಿತವಾಗಿ ಸಿಗುವ ರೋಲ್ ಎಷ್ಟನೆಯದಾಗಿರಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ನಮ್ಮಲ್ಲಿ ಇಬ್ಬರು ಹದಿನೈದು ಎನ್ನುತ್ತಾರೆ, ಮೂವರು ಇಪ್ಪತ್ತು ಎನ್ನುತ್ತಾರೆ. ಈಗಾಗಲೇ ಮೂವತ್ತು ಸಲ ಸೋತು ಕುಳಿತಿರುವ ಹಳೆಯ ಸದಸ್ಯರಿಗೆ ಏನು ಮಾಡಬೇಕೆಂಬುದೂ ಉಳಿದಿದೆ. ಬ್ರೀಡಿಂಗ್ ಗುಂಪುಗಳ ಅನುಭವವಿರುವವರು ಇದರ ಬಗ್ಗೆ ಬರೆದರೆ ಶನಿವಾರದ ಸಭೆಗೆ ಮೊದಲು ನಮಗೆ ನೆರವಾಗುತ್ತದೆ.

ಬ್ರೀಡಿಂಗ್ ಇರುವ ಗುಂಪುಗಳ ಸದಸ್ಯೆ

ಹದಿನೈದೇ ಇರಲಿ. 5 ಶೇಕಡಾ ಸಾಧ್ಯತೆಯಲ್ಲಿ ಹದಿನೈದು ರೋಲ್ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೇಗೂ ಸಿಕ್ಕಿರುತ್ತದೆ, ಆದ್ದರಿಂದ ಆ ಟ್ರೇಟ್ ವಿಪರೀತ ಸಾಮಾನ್ಯವಾಗಿಬಿಡುತ್ತದೆ ಎಂಬ ಭಯ ಬೇಡ. ಹಳೆಯ ರೋಲ್‌ಗಳನ್ನೂ ಎಣಿಕೆಗೆ ಸೇರಿಸಿ. ಆ ಚಿತ್ರಗಳೆಲ್ಲ ನಿಮ್ಮ ದಾಖಲೆಯಲ್ಲೇ ಇವೆ, ದಿನಾಂಕ ಸಮೇತ. ಎಣಿಸಲು ಜನ ಸಾಲದಿದ್ದರೆ ಶುಕ್ರವಾರ ಸಂಜೆ ನಾನು ಬಿಡುವಾಗಿದ್ದೇನೆ.